ಕುಮಾರಣ್ಣನ ಎಡಗಡೆಯ ಕುರ್ಚಿ

ಮಂಡ್ಯದ ಕಡೆ ಯುಗಾದಿ ಎಂದರೆ ಬೇವು-ಬೆಲ್ಲ ಒಂದು ದಿನ, ಹೊಸತೊಡಕು ಮಾರನೇ ದಿನ, ಇಸ್ಪೀಟು ಎರಡೂ ದಿನ. ಅರಳಿಕಟ್ಟೆಯ ಮೇಲೆ ಅಂದರ್-ಬಾಹರ್ ಆಡಿ ಬೆಳೆದ ಕುಮಾರಣ್ಣ ಕ್ಯಾಲಿಫೋರ್ನಿಯಾದ ಫ್ರೀಮಾಂಟಿಗೆ ಬಂದು ಪೋಕರ್ ಕಲಿತರೆ ಏನಾಗಬೇಕೋ ಅದೇ ಆಗಿದೆ.

ಮಾಮೂಲಿ ದಿನಗಳಲ್ಲಿ ಅವರಷ್ಟು ಹುಷಾರಿನ ಮನುಷ್ಯ ಇಲ್ಲ. ಕೊತ್ತಂಬರಿ ಸೊಪ್ಪಿಗೆ ಮೂರು ಅಂಗಡಿ ಸುತ್ತುತ್ತಾರೆ. ಬಡ್ಡಿ ಇಳಿಯಲಿ ಎಂದು ಕಾದು ಕಾದು ಮನೆ ಕೊಳ್ಳುವಷ್ಟರಲ್ಲಿ ಮಗಳು ಕಾಲೇಜಿಗೆ ಹೊರಟಿದ್ದಳು. ಅಂಥವರ ಮುಂದೆ ಇಪ್ಪತ್ತು ಡಾಲರಿನ ಚಿಪ್ಸ್ ಇಟ್ಟರೆ ಮುಗಿಯಿತು. ಹಂಚಿದ ಎರಡೆಲೆ ಎತ್ತಿಯೂ ನೋಡದೆ ಅಷ್ಟನ್ನೂ ನಡುವಿಗೆ ತಳ್ಳಿ, “ಬತ್ತೀಯೇನಪ್ಪಾ, ಇಲ್ಲಾ ಮಡಚ್ತೀಯೋ?” ಎನ್ನುತ್ತಾರೆ.

ನಮ್ಮ ಕಡೆಯ ಸಾಫ್ಟ್‌ವೇರ್ ಮಂದಿಗೆ ಈ ಹುಚ್ಚು ಹತ್ತಿಸಿದ್ದು ಕ್ರಿಸ್ ಮನಿಮೇಕರ್. ಹೆಸರು ನಾನಿಟ್ಟದ್ದಲ್ಲ, ಹುಟ್ಟಿನಿಂದಲೇ ಬಂದದ್ದು. ಟೆನೆಸಿಯ ಈ ಅಕೌಂಟೆಂಟ್ 2003ರಲ್ಲಿ ಲಾಸ್ ವೇಗಸ್‌ನ ಪೋಕರ್ ವಿಶ್ವ ಸರಣಿಯಲ್ಲಿ 25 ಲಕ್ಷ ಡಾಲರ್ ಗೆದ್ದ. ಲೆಕ್ಕ ಬರೆಯುವವನೇ ಗೆದ್ದ ಮೇಲೆ ನಾವೇನು ಕಡಿಮೆ ಎಂದು ನಮ್ಮವರೆಲ್ಲ ಸಂಭವನೀಯತೆಯ ಕೋಷ್ಟಕ ಉರುಹೊಡೆದರು.

ಕುಮಾರಣ್ಣನಂಥವರ ಎದುರು ಆಡಲು ಬಲ್ಲವರು ಹೇಳುವ ಉಪಾಯ ಸರಳ. ಹೆದರಿಸಲು ಹೋಗಬೇಡಿ, ಬಿಟ್ಟುಕೊಟ್ಟು ಗೊತ್ತಿಲ್ಲದವರು ಹೆದರುವುದಿಲ್ಲ. ಒಳ್ಳೆಯ ಎಲೆ ಬರುವ ತನಕ ಬಾಯಿ ಮುಚ್ಚಿಕೊಂಡು ಮಡಚುತ್ತಿರಿ. ಬಂದಾಗ ನೀವು ಏರಿಸಬೇಡಿ, ಅವರೇ ಏರಿಸುತ್ತಾರೆ. ಆದರೆ ಕೈಗೆ ಎರಡು ಎಕ್ಕ ಬೀಳುವುದು ಸರಾಸರಿ 221 ಆಟಕ್ಕೆ ಒಮ್ಮೆ. ನಮ್ಮಲ್ಲಿ ಒಂದಾಟಕ್ಕೂ ಇನ್ನೊಂದಕ್ಕೂ ನಡುವೆ ಒಂದು ಸುತ್ತು ಕಾಫಿ, ಗ್ರೀನ್ ಕಾರ್ಡ್ ಸರತಿಯ ಚರ್ಚೆ, ಯಾರದೋ ಮಗನ ಎಸ್‌ಎಟಿ ಅಂಕ ಎಲ್ಲ ಆಗಬೇಕು. ಯುಗಾದಿಗೆ ಕಾಯಲು ಕೂತವನಿಗೆ ದೀಪಾವಳಿಗೆ ಎಕ್ಕ ಬಂದರೆ ಪುಣ್ಯ.

ನನಗೆ ಬಂತು. ಆದರೆ ಎರಡರಲ್ಲಿ ಒಂದು ಆಟೀನ್ ಎಕ್ಕ. ಅದರ ಬೆನ್ನ ಮೇಲೆ, ಬಲಮೂಲೆಯಲ್ಲಿ, ಹಳದಿ ಹೆಬ್ಬೆರಳ ಗುರುತಿದೆ. ಹಿಂದೊಮ್ಮೆ ಯಾರೋ ಒಗ್ಗರಣೆ ಅವಲಕ್ಕಿ ತಿಂದ ಕೈಯಲ್ಲೇ ಎಲೆ ಹಂಚಿದ್ದರ ಫಲ. ಹೊಸ ಪ್ಯಾಕ್ ತರಬೇಕು ಎಂದು ಎಲ್ಲರೂ ಒಪ್ಪುತ್ತಾರೆ, ಯಾರೂ ತರುವುದಿಲ್ಲ. ಅರಿಶಿನ ಕಂಡದ್ದೇ ತಡ, ಒಬ್ಬೊಬ್ಬರಾಗಿ ಎಲೆ ಮಡಚಿ ಕೋಡುಬಳೆಯ ತಟ್ಟೆಗೆ ಕೈಹಾಕಿದರು. ತನ್ನ ಎಲೆಯನ್ನೇ ನೋಡದ ಕುಮಾರಣ್ಣ ನನ್ನ ಎಲೆಯ ಬೆನ್ನನ್ನು ನೋಡಿಯಾರೇ? ಅಷ್ಟನ್ನೂ ತಳ್ಳಿ ಕೂತಿದ್ದರು. ಯಾವುದೋ ಎರಡೆಲೆಯ ಎದುರು ಜೋಡಿ ಎಕ್ಕ ಗೆಲ್ಲುವುದು ನೂರಕ್ಕೆ 85 ಸಲ. ಅವರದು ಬೇರೆ ಬೇರೆ ಬಣ್ಣದ ಏಳು ಮತ್ತು ಎರಡು, ಈ ಆಟದಲ್ಲೇ ಅತ್ಯಂತ ದರಿದ್ರ ಕೈ. ಗೆದ್ದೆ. “ಭೇಷ್!” ಎಂದು ನನ್ನ ಬೆನ್ನು ತಟ್ಟಿ, ಇನ್ನೊಂದು ಇಪ್ಪತ್ತು ಡಾಲರಿನ ನೋಟು ತೆಗೆದರು.

ಈ ಲವಲವಿಕೆ ಎಲ್ಲಿಂದ ಬರುತ್ತದೆ ಎಂದು ತಿಳಿಯಲು ಅವರ ಪಕ್ಕಕ್ಕೆ ನೋಡಬೇಕು. ಪೋಕರಿನಲ್ಲಿ ಸರದಿ ಎಡಕ್ಕೆ ಸಾಗುತ್ತದೆ. ಹಾಗಾಗಿ ಮುನ್ನುಗ್ಗುವವನ ಎಡಗಡೆಯ ಕುರ್ಚಿಗೇ ಬೆಲೆ. ಅವನು ಏನು ಮಾಡಿದ ಎಂದು ನೋಡಿಕೊಂಡು ನೀವು ಆಡಬಹುದು. ಆ ಕುರ್ಚಿಗೆ ನಾವೆಲ್ಲ ಹೊಂಚು ಹಾಕುತ್ತೇವೆ. ಒಮ್ಮೆಯೂ ಸಿಕ್ಕಿಲ್ಲ. “ಧಾರೆ ಆದ ಮೇಲೆ ಪುರೋಹಿತರು ನನ್ನ ಕೂರಿಸಿದ್ದು ಇಲ್ಲೇ ಅಲ್ವಾ?” ಎಂದು ಗೀತಕ್ಕ ಗಂಡನ ಎಡಕ್ಕೆ ಕೂತುಬಿಡುತ್ತಾರೆ. ಹೆಣಿಗೆ ಹಾಕುತ್ತಾ ಮಡಚುತ್ತಾರೆ, ಮಡಚುತ್ತಾ ಹೆಣೆಯುತ್ತಾರೆ. ಕಡ್ಡಿ ಕೆಳಗಿಟ್ಟರು ಎಂದರೆ ರಾಣಿ ಜೋಡಿಗಿಂತ ಕಡಿಮೆಯದಲ್ಲ. ಆ ರಾತ್ರಿ ಕುಮಾರಣ್ಣ ತೆಗೆದ ನೋಟುಗಳಲ್ಲಿ ನನಗೆ ಬಂದದ್ದು ಒಂದು, ಮಿಕ್ಕವು ಹೆಣಿಗೆ ಚೀಲ ಸೇರಿದವು.

“ಅಷ್ಟೊಂದು ಹೋಯ್ತಲ್ಲ ಕುಮಾರಣ್ಣ?” ಎಂದು ಕೇಳಿದೆ.

“ಎಲ್ಲಿಗೋಯ್ತು? ಅದೇ ಕಾರಲ್ಲಿ ಮನೆಗ್ ಬತ್ತದೆ ಬುಡು.”

ಮುಂದಿನ ಸಲ ಕುರ್ಚಿಗೆ ಚೀಟಿ ಎತ್ತೋಣ ಎಂದು ವಾಟ್ಸ್ಯಾಪ್ ಗುಂಪಿನಲ್ಲಿ ಸೂಚಿಸಿದೆ. ಎಲ್ಲರೂ ಹೆಬ್ಬೆರಳು ಎತ್ತಿದರು. ಗೀತಕ್ಕ ತಡವಾಗಿ ಉತ್ತರಿಸಿದರು: “ಆಗಲಿ. ಈ ಸಲ ನಮ್ಮನೇಲಿ ಸೇರೋಣ, ಹೋಳಿಗೆ ಮಾಡ್ತೀನಿ. ಚೀಟಿ ನಾನೇ ಬರೆದಿಟ್ಟಿರ್ತೀನಿ.”