ಅಂಟಿಗಿಂತ ನಟ್ಟು ಲೇಸು

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಅಲ್ಲಿ ಹುಟ್ಟಿದ ಜಾವಾ, ಯೆಜ್ಡಿಗಳಿಗೆ ಮಾತ್ರ ಈ ಸುದ್ದಿ ಇನ್ನೂ ಮುಟ್ಟಿದಂತಿಲ್ಲ. ಈಗಲೂ ಅವು ನೀಲಿ ಹೊಗೆ ಬಿಡುತ್ತಾ, ಬೀದಿಯವರ ಬೆಳಗಿನ ಸವಿನಿದ್ದೆ ಕೆಡಿಸುತ್ತಾ ಓಡಾಡಿಕೊಂಡಿವೆ. ಕಿಕ್ಕರನ್ನೇ ಮಡಚಿ ಗೇರ್ ಮಾಡಿಕೊಳ್ಳುವ ಈ ವಿಚಿತ್ರ ಗಾಡಿಗಳು ತಯಾರಕನಿಗಿಂತ ಹೆಚ್ಚು ಕಾಲ ಬಾಳಿದ್ದಕ್ಕೆ ಅಭಿಮಾನಿಗಳ ಭಕ್ತಿ ಕಾರಣ ಎನ್ನುತ್ತಾರೆ. ಭಕ್ತಿ ಇದ್ದದ್ದು ನಿಜ. ಆದರೆ ಭಕ್ತಿಯಿಂದ ಪಿಸ್ಟನ್ ರಿಂಗ್ ಕೂರುವುದಿಲ್ಲ, ಅದಕ್ಕೆ ಸ್ಪ್ಯಾನರ್ ಬೇಕು. ಸಿಲಿಂಡರ್ ಸವೆದರೆ ರೀಬೋರ್, ಓವರ್‌ಸೈಜ್ ಪಿಸ್ಟನ್. ಕ್ಲಚ್ ಜಾರಿದರೆ ಹೊಸ ಪ್ಲೇಟು. ಕಾರ್ಬೊರೇಟರ್ ಮುನಿಸಿಕೊಂಡರೆ ಒಂದಿಷ್ಟು ಪೆಟ್ರೋಲು, ಊದಲು ಒಂದು ಬಾಯಿ. ಯಾವ ಹಂತದಲ್ಲೂ ಕಂಪನಿಯ ಅಪ್ಪಣೆ ಬೇಕಾಗಲಿಲ್ಲ. ಹಾಗಾಗಿ ಕಂಪನಿ ಇಲ್ಲವಾದದ್ದೂ ದೊಡ್ಡ ಸಂಗತಿಯಾಗಲಿಲ್ಲ.

ವಿದ್ಯುತ್ ಬೈಕಿಗೆ ಈ ರಗಳೆಯೇ ಇಲ್ಲ. ಎಂಜಿನ್ ಆಯಿಲ್ ಇಲ್ಲ, ಪ್ಲಗ್ ಇಲ್ಲ, ಕಾರ್ಬನ್ ತೆಗೆಸುವುದಿಲ್ಲ. ಗ್ಯಾರೇಜಿನ ಮುಂದಿನ ಮುರುಕಲು ಬೆಂಚಿನ ಮೇಲೆ ಕೂತು, ಚಹಾ ಹೀರುತ್ತಾ, ಸರ್ಕಾರಗಳನ್ನು ಬೀಳಿಸುವ ಒಂದು ಪರಂಪರೆಯೇ ಇದರಿಂದ ಕಣ್ಮರೆಯಾಗುವ ಅಪಾಯವಿದೆ. ಇರಲಿ. ಆದರೆ ಸವೆಯುವುದು ನಿಂತಿಲ್ಲ. ನಾಲ್ಕಾರು ಕಡೆ ಹಂಚಿಹೋಗಿದ್ದ ಸವೆತವೆಲ್ಲ ಒಂದೇ ಡಬ್ಬಿಯೊಳಗೆ ಹೋಗಿ ಕೂತಿದೆ. ಗಾಡಿಯ ಬೆಲೆಯಲ್ಲಿ ಮೂರನೇ ಒಂದರಿಂದ ಅರ್ಧದವರೆಗೂ ಆ ಬ್ಯಾಟರಿ ಡಬ್ಬಿಯದೇ ಪಾಲು. ವಾರಂಟಿ ಮುಗಿದ ಮೇಲೆ ಅದು ಕೈಕೊಟ್ಟರೆ ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ: "ಸರ್, ಫುಲ್ ಪ್ಯಾಕ್ ಚೇಂಜ್ ಮಾಡ್ಬೇಕು." ಒಳಗೆ ಏನಾಗಿದೆ ಎಂದು ಕೇಳಿದರೆ, "ಓಪನ್ ಮಾಡೋಕಾಗಲ್ಲ ಸರ್, ಒಳಗೆಲ್ಲ ಅಂಟು ಸುರಿದಿದಾರೆ." ನನ್ನ ತಕರಾರು ಇರುವುದು ಈ ಅಂಟಿನ ಮೇಲೆ. ಬ್ಯಾಟರಿ ಡಬ್ಬಿ ನಟ್ಟು ಬೋಲ್ಟಿನದಾಗಿರಬೇಕು, ಕಲಿತ ಮೆಕ್ಯಾನಿಕ್ ಅದನ್ನು ಬಿಚ್ಚಿ, ಕೆಟ್ಟದ್ದನ್ನು ತೆಗೆದು, ಮತ್ತೆ ಮುಚ್ಚುವಂತಿರಬೇಕು ಎಂಬುದಷ್ಟೇ ನನ್ನ ವಾದ.

ಬ್ಯಾಟರಿ ಸತ್ತಿತು ಎನ್ನುವಾಗ ನಿಜಕ್ಕೂ ಸಾಯುವುದು ಯಾರು ಎಂದು ನೋಡಿದರೆ ವಾದ ಅರ್ಧ ಗೆದ್ದಂತೆ. ಆ ಡಬ್ಬಿಯೊಳಗೆ ಒಂದು ಬ್ಯಾಟರಿ ಇರುವುದಿಲ್ಲ, ಒಂದು ಊರೇ ಇರುತ್ತದೆ. 21 ಮಿಲಿಮೀಟರ್ ದಪ್ಪ, 70 ಮಿಲಿಮೀಟರ್ ಉದ್ದದ ಸೆಲ್‌ಗಳನ್ನು ತೆಗೆದುಕೊಳ್ಳಿ. ಒಂದೊಂದೂ 3.6 ವೋಲ್ಟಿನದು, 5 ಆಂಪಿಯರ್-ಗಂಟೆಯದು. ಹನ್ನೆರಡನ್ನು ಪಕ್ಕಪಕ್ಕಕ್ಕೆ ಸೇರಿಸಿ ಒಂದು ಗುಂಪು ಮಾಡಿ, ಅಂಥ ಹದಿನಾಲ್ಕು ಗುಂಪುಗಳನ್ನು ಒಂದರ ಹಿಂದೊಂದು ಜೋಡಿಸಿದರೆ 168 ಸೆಲ್, 50 ವೋಲ್ಟ್ ಚಿಲ್ಲರೆ, ಕರೆಂಟ್ ಬಿಲ್ಲಿನ ಲೆಕ್ಕದಲ್ಲಿ ಮೂರು ಯೂನಿಟ್. ಇವರೆಲ್ಲರ ಮೇಲೆ ಬಿಎಂಎಸ್ ಎಂಬ ಒಂದು ಸರ್ಕ್ಯೂಟ್ ಬೋರ್ಡು ಕಣ್ಣಿಟ್ಟಿರುತ್ತದೆ. ಯಾವುದಾದರೂ ಒಂದು ಗುಂಪಿನ ವೋಲ್ಟೇಜ್ ಮಿತಿ ಮೀರಿ ಏರಿದರೆ ಚಾರ್ಜಿಂಗ್ ಬಂದ್, ಮಿತಿಗಿಂತ ಇಳಿದರೆ ಗಾಡಿ ಬಂದ್. ಇಲ್ಲಿದೆ ಗಮ್ಮತ್ತು. ಮದುವೆ ಮನೆಯ ಪಂಕ್ತಿಯಲ್ಲಿ ಮೊದಲು ಹೊಟ್ಟೆ ತುಂಬಿದವನು ಎದ್ದೊಡನೆ ಉಳಿದವರೂ ಎಲೆ ಬಿಟ್ಟು ಏಳಬೇಕೆಂಬ ಕಟ್ಟಳೆ ಇದೆ ಎಂದುಕೊಳ್ಳಿ. ಸೊರಗಿದ ಗುಂಪಿನದು ಸಣ್ಣ ಹೊಟ್ಟೆ. ಅದು ಎಲ್ಲರಿಗಿಂತ ಮೊದಲು ತುಂಬುತ್ತದೆ, ಉಳಿದ ಹದಿಮೂರು ಗುಂಪುಗಳು ಪಾಯಸ ಬರುವ ಮುಂಚೆಯೇ ಎದ್ದುಬಿಡುತ್ತವೆ. ದಾರಿಯಲ್ಲಿ ಎಲ್ಲರಿಗಿಂತ ಮೊದಲು ಹಸಿದು ಕೂರುವುದೂ ಅದೇ ಮಹರಾಯ. ನೂರು ಕಿಲೋಮೀಟರ್ ಓಡುತ್ತಿದ್ದ ಗಾಡಿ ನಲವತ್ತಕ್ಕೇ ನಿಲ್ಲುತ್ತದೆ. ಒಂದೇ ಒಂದು ಸೆಲ್ ಒಳಗೊಳಗೇ ಸೋರತೊಡಗಿದರೂ ಸಾಕು, ತನ್ನ ಗುಂಪಿನ ಹನ್ನೊಂದು ಮಂದಿಯನ್ನೂ ಬರಿದು ಮಾಡಿ ಇಡುತ್ತದೆ. ಹೀಗೆ ಒಬ್ಬನ ಕಾಯಿಲೆಗೆ 168 ಮಂದಿಗೂ ಮರಣ ಪ್ರಮಾಣಪತ್ರ ಬರೆಯುವುದಕ್ಕೆ ಈಗ 'ಪ್ಯಾಕ್ ಚೇಂಜ್' ಎಂದು ಹೆಸರು. ಎಷ್ಟೋ ಸಲ ಸೆಲ್‌ಗಳೆಲ್ಲ ಗಟ್ಟಿಮುಟ್ಟಾಗಿದ್ದು, ಕಾವಲಿಗಿಟ್ಟ ಬಿಎಂಎಸ್ಸೇ ಕೆಟ್ಟಿರುತ್ತದೆ. ಆಗಲೂ ಇಡೀ ಊರಿಗೆ ಅದೇ ಶಿಕ್ಷೆ.

ಹಾಗಾದರೆ ಸತ್ತ ಸೆಲ್ ಕಿತ್ತು ಹೊಸದು ಹಾಕಿದರಾಯಿತಲ್ಲ ಎಂದು ಯಾರಾದರೂ ನನ್ನ ಪರವಾಗಿ ಉತ್ಸಾಹ ತೋರಿದರೆ ಅವರನ್ನು ಮೊದಲು ತಡೆಯಬೇಕು. ನಾಲ್ಕು ವರ್ಷ ದುಡಿದು ದಣಿದವರ ನಡುವೆ ಹೊಚ್ಚಹೊಸಬನನ್ನು ತಂದು ಕೂರಿಸಿದರೆ ಹೊಂದಾಣಿಕೆ ಆಗುವುದಿಲ್ಲ. ಸಾಮರ್ಥ್ಯ ಬೇರೆ, ಒಳಗಿನ ರೋಧ ಬೇರೆ. ಒಂದೋ ಅದೇ ವಯಸ್ಸಿನ, ಅದೇ ಅಳತೆಯ, ಪರೀಕ್ಷಿಸಿದ ಹಳೆಯ ಸೆಲ್ ಹುಡುಕಬೇಕು, ಇಲ್ಲವೇ ಡಬ್ಬಿ, ವೈರಿಂಗ್, ಬಿಎಂಎಸ್ ಉಳಿಸಿಕೊಂಡು ಸೆಲ್‌ಗಳನ್ನೆಲ್ಲ ಒಂದೇ ಬ್ಯಾಚಿನವನ್ನಾಗಿ ಬದಲಿಸಬೇಕು. ನಿಕ್ಕಲ್ ಪಟ್ಟಿಯನ್ನು ಸ್ಪಾಟ್ ವೆಲ್ಡಿಂಗ್‌ನಿಂದಲೇ ಕೂರಿಸಬೇಕು; ಬೆಸುಗೆ ಕಡ್ಡಿ ಹಿಡಿದು ಸೆಲ್ಲಿನ ನೆತ್ತಿ ಕಾಯಿಸುತ್ತಾ ಕೂತರೆ ಅದು ಅಲ್ಲಿಯೇ ಅರೆಜೀವವಾಗುತ್ತದೆ. ಪೇಟೆಯ ಚಮತ್ಕಾರಗಳೂ ಕಡಿಮೆಯವಲ್ಲ. 18650 ಎಂಬ ಸಣ್ಣ ಸೆಲ್‌ನಲ್ಲಿ ಪ್ರಾಮಾಣಿಕವಾಗಿ ಹಿಡಿಸುವುದು 3500 ಮಿಲಿಆಂಪಿಯರ್-ಗಂಟೆಯ ಆಸುಪಾಸು. ಆದರೂ ಮೈಮೇಲೆ 9900 ಎಂದು ಅಚ್ಚು ಹಾಕಿಸಿಕೊಂಡು ಮಾರಾಟಕ್ಕೆ ನಿಂತ ಮಹಾತ್ಮರಿದ್ದಾರೆ. ಅವರನ್ನು ಹಿಡಿಯಲು ಪ್ರಯೋಗಾಲಯ ಬೇಡ, ಅಕ್ಕಸಾಲಿಗನ ತಕ್ಕಡಿ ಸಾಕು: ಅಸಲಿ ಸೆಲ್ 45 ಗ್ರಾಂ ಸುತ್ತಮುತ್ತ ತೂಗುತ್ತದೆ, ನಕಲಿ ಹೆಚ್ಚಾಗಿ ತೂಕದಲ್ಲೇ ಸಿಕ್ಕಿಬೀಳುತ್ತದೆ. ನಿಕ್ಕಲ್ ಎಂದು ಕೊಡುವ ಪಟ್ಟಿಯೂ ಒಳಗೆ ಕಬ್ಬಿಣವಾಗಿರಬಹುದು. ಕೆರೆದು ಉಪ್ಪುನೀರಿನಲ್ಲಿ ನೆನೆಹಾಕಿದರೆ ತುಕ್ಕೇ ಸಾಕ್ಷಿ ಹೇಳುತ್ತದೆ. ಇಷ್ಟೆಲ್ಲ ತಿಳಿದವನ ಕೈಗೇ ಡಬ್ಬಿ ಹೋಗಬೇಕು. ಅಂಥವನ ಕೈಗೂ ಹೋಗದಂತೆ ಅಂಟು ಸುರಿದಿಟ್ಟರೆ ಅದು ಯಾವ ನ್ಯಾಯ?

ಬೆಂಕಿಯ ಮಾತು ಬಂದೇ ಬರುತ್ತದೆ, ಬರಬೇಕಾದದ್ದೇ. ಲಿಥಿಯಂ ಸೆಲ್‌ಗಳ ರಾಶಿಗೆ ಸ್ಪ್ಯಾನರ್ ಅಡ್ಡ ಬಿದ್ದರೆ ಏನಾಗುತ್ತದೆಂದು ಕಂಡವರು ಡಬ್ಬಿ ಮುಟ್ಟುವ ಮೊದಲು ಮದುವೆಯ ಉಂಗುರವನ್ನೂ ಕಳಚಿಡುತ್ತಾರೆ, ಹೆಂಡತಿ ಏನೇ ಅಂದುಕೊಳ್ಳಲಿ. ಆದರೆ 2022ರ ಬೇಸಿಗೆಯನ್ನು ನೆನಪು ಮಾಡಿಕೊಳ್ಳಿ. ದೇಶದ ಹಲವೆಡೆ ವಿದ್ಯುತ್ ಸ್ಕೂಟರ್‌ಗಳು ನಿಂತಲ್ಲೇ ಹೊತ್ತಿ ಉರಿದವು, ಜೀವಗಳೂ ಹೋದವು. ಬೀದಿಬದಿಯಲ್ಲಿ ಬಿಚ್ಚಿ ಕಟ್ಟಿದ ಪ್ಯಾಕ್‌ಗಳ ಗೊಡವೆಯಿಲ್ಲದ, ಶೋರೂಮಿನಿಂದ ಬಂದ ಗಾಡಿಗಳೂ ಅವುಗಳಲ್ಲಿದ್ದವು. ಆ ಬಳಿಕ ಸರ್ಕಾರ ತಜ್ಞರ ಸಮಿತಿ ಕೂರಿಸಿ ಎಐಎಸ್-156 ಎಂಬ ಮಾನದಂಡವನ್ನು ಬಿಗಿಗೊಳಿಸಿತು. ಮೊದಲ ಹಂತ 2022ರ ಡಿಸೆಂಬರ್ 1ರಿಂದ, ಎರಡನೆಯದು 2023ರ ಮಾರ್ಚ್ 31ರಿಂದ ಜಾರಿಗೆ ಬಂತು. ಒಂದು ಸೆಲ್ ಹೊತ್ತಿಕೊಂಡರೆ ಪಕ್ಕದವಕ್ಕೆ ಹೇಗೆ ಹಬ್ಬುತ್ತದೆ, ಬಿಎಂಎಸ್ ಎಷ್ಟು ಜಾಣ ಇತ್ಯಾದಿ ಪರೀಕ್ಷೆಗಳು ಅದರಲ್ಲಿವೆ. ಸುರಕ್ಷತೆ ಬರುವುದು ಸೆಲ್‌ನ ಗುಣದಿಂದ, ವಿನ್ಯಾಸದಿಂದ, ಪರೀಕ್ಷೆಯಿಂದ ಎಂದು ಸರ್ಕಾರವೇ ಒಪ್ಪಿಕೊಂಡಂತಾಯಿತು. ಸೆಲ್‌ಗಳ ನಡುವೆ ಶಾಖ ಸಾಗಿಸಲು ಒಂದಿಷ್ಟು ಮೆತ್ತನೆಯ ವಸ್ತು ತುಂಬುವುದು ಬೇರೆ, ಮುಚ್ಚಳ ಜನ್ಮಾಂತರಕ್ಕೂ ತೆರೆಯದ ಹಾಗೆ ಮಾಡುವುದು ಬೇರೆ.

ಅಂಟಿನ ಪರವಾಗಿ ಬರುವ ಇನ್ನೊಂದು ವಕೀಲಿಕೆ ನೀರಿನದು. ಮಳೆಗಾಲದಲ್ಲಿ ಬೆಂಗಳೂರಿನ ರಸ್ತೆ ಕೆರೆಯಾಗುತ್ತದೆ, ಡಬ್ಬಿಯೊಳಗೆ ನೀರು ಇಳಿಯಬಾರದು ಎನ್ನುತ್ತಾರೆ. ಒಪ್ಪೋಣ, ಕೆರೆಗಳಿದ್ದ ಜಾಗದಲ್ಲೇ ರಸ್ತೆ ಮಾಡಿದ್ದೇವೆ, ನೀರಿಗೆ ಹಳೆಯ ವಿಳಾಸ ನೆನಪಿರುತ್ತದೆ. ಆದರೆ ಕೋಲಾರ, ಚಿಕ್ಕಬಳ್ಳಾಪುರದ ಕಡೆ ಸಾವಿರ ಅಡಿಗೂ ಆಳದ ಕೊಳವೆಬಾವಿಗಳಲ್ಲಿ ಸಬ್‌ಮರ್ಸಿಬಲ್ ಮೋಟರುಗಳು ವರ್ಷಗಟ್ಟಲೆ ನೀರಿನೊಳಗೇ ಮುಳುಗಿ ದುಡಿಯುತ್ತವೆ. ಸುಟ್ಟರೆ ಮೇಲೆತ್ತಿ ತಾಲ್ಲೂಕಿನ ರೀವೈಂಡಿಂಗ್ ಅಂಗಡಿಗೆ ಒಯ್ಯುತ್ತಾರೆ. ಅಲ್ಲಿ ಬಿಚ್ಚಿ, ತಂತಿ ಸುತ್ತಿ, ಸೀಲು ಬದಲಿಸಿ, ಮತ್ತೆ ಪಾತಾಳಕ್ಕೆ ಇಳಿಸುತ್ತಾರೆ. ರಬ್ಬರಿನ ಸೀಲೂ ನಾಲ್ಕು ಬೋಲ್ಟೂ ಅಲ್ಲಿ ತಾಳುವುದಾದರೆ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಗುಂಡಿಯಲ್ಲಿ ತಾಳಲಾರವೆಂದು ನಂಬುವುದು ಕಷ್ಟ.

ಎಂಟು ವರ್ಷ ವಾರಂಟಿ ಸಿಗುವಾಗ ಈ ತಲೆನೋವು ಯಾಕೆ ಎಂದೂ ಕೇಳಬಹುದು. ಕೆಲವರು ಎಂಟು ವರ್ಷ ಕೊಡುತ್ತಿರುವುದು ಸಂತೋಷವೇ. ಆದರೆ ಆರ್‌ಟಿಒ ಕೊಡುವ ಆರ್‌ಸಿ ಹದಿನೈದು ವರ್ಷದ್ದು. ಉಳಿದ ಏಳು ವರ್ಷ ಗಾಡಿ ಯಾವ ಆಧಾರದ ಮೇಲೆ ಓಡಬೇಕೆಂದು ಎರಡೂ ಕಾಗದಗಳು ಹೇಳುವುದಿಲ್ಲ. ಆ ಏಳು ವರ್ಷದ ಗಾಡಿಯನ್ನೇ ಸೆಕೆಂಡ್ ಹ್ಯಾಂಡ್ ಕೊಳ್ಳುವವರು ನಮ್ಮಲ್ಲಿ ಬಹಳ. ಅವರ ಬಳಿ ಹೊಸ ಪ್ಯಾಕಿಗೆ ಕೊಡುವಷ್ಟು ದುಡ್ಡಿದ್ದರೆ ಅವರು ಹಳೆಯ ಗಾಡಿಯನ್ನೇ ಕೊಳ್ಳುತ್ತಿರಲಿಲ್ಲ. ಬ್ಯಾಟರಿ ಬೆಲೆ ಇಳಿಯುತ್ತಿದೆಯಲ್ಲ, ಹೊಸದೇ ಅಗ್ಗವಾಗುತ್ತದೆ ಎಂಬ ಸಮಾಧಾನವನ್ನೂ ನಾನು ಪೂರ್ತಿ ತಳ್ಳಿಹಾಕಲಾರೆ. ಬ್ಲೂಮ್‌ಬರ್ಗ್ ಎನ್‌ಇಎಫ್ ಲೆಕ್ಕದಲ್ಲಿ 2024ರ ಜಾಗತಿಕ ಸರಾಸರಿ ಕಿಲೋವ್ಯಾಟ್-ಗಂಟೆಗೆ 115 ಡಾಲರ್. ಅಂದರೆ ಆಗಿನ ಡಾಲರ್ ದರದಲ್ಲಿ ನಮ್ಮ ಮೂರು ಯೂನಿಟ್ಟಿನ ಪ್ಯಾಕಿಗೆ ಮೂವತ್ತು ಸಾವಿರ ರೂಪಾಯಿಯೂ ಆಗಬಾರದಿತ್ತು. ಜಾಗತಿಕ ಸರಾಸರಿಗೂ ಸರ್ವಿಸ್ ಸೆಂಟರಿನ ಬಿಲ್ಲಿಗೂ ಎಲ್ಲಾದರೂ ಪರಿಚಯವಾಗಿದ್ದರೆ ನಾನು ಈ ವಾದವನ್ನೇ ಕೈಬಿಡುತ್ತಿದ್ದೆ. ಮೇಲಾಗಿ ಆ ಮಾಡೆಲ್ಲೇ ನಿಂತುಹೋಗಿದ್ದರೆ ಅಗ್ಗದ ಹೊಸ ಪ್ಯಾಕ್ ಎಲ್ಲಿಂದ ಬರಬೇಕು? ಬೇರೆ ಪ್ಯಾಕ್ ತಂದರೆ ಕನೆಕ್ಟರ್ ಕೂರುವುದಿಲ್ಲ; ಕೂತರೂ ಗಾಡಿಯ ಸಾಫ್ಟ್‌ವೇರ್ 'ನೀನ್ಯಾರು' ಎನ್ನುತ್ತದೆ.

ಕಾನೂನಿಗೆ ಈ ವಿಷಯ ಹೊಸದೇನಲ್ಲ. ನಮ್ಮ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹಳೆಯ ಬ್ಯಾಟರಿಯ ಮರುಬಳಕೆಯ ಜೊತೆಗೆ ದುರಸ್ತಿ ಮಾಡಿ ನವೀಕರಿಸುವುದನ್ನೂ ಲೆಕ್ಕಕ್ಕೆ ತೆಗೆದುಕೊಂಡಿವೆ. ಯುರೋಪಿನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ವಿದ್ಯುತ್ ಸೈಕಲ್, ಸ್ಕೂಟರಿನಂಥ ಹಗುರ ವಾಹನಗಳ ಬ್ಯಾಟರಿಯನ್ನಷ್ಟೇ ಅಲ್ಲದೆ ಅದರೊಳಗಿನ ಬಿಡಿ ಸೆಲ್‌ಗಳನ್ನೂ ಕಂಪನಿಗೆ ಸೇರದ ಕಸುಬುದಾರ ಬದಲಿಸುವಂತಿರಬೇಕು ಎಂದು 2023ರಲ್ಲೇ ನಿಯಮ ಮಾಡಿದರು. ಅದು 2027ರ ಫೆಬ್ರವರಿ 18ರಿಂದ ಅನ್ವಯ. ಲಿಥಿಯಂ ಸೆಲ್‌ಗಳ ಬಹುಪಾಲನ್ನು ಹೊರಗಿನಿಂದಲೇ ತರಿಸುವ ನಮಗೆ ಈ ಜಿಪುಣತನ ಅವರಿಗಿಂತ ಹೆಚ್ಚು ಬೇಕು. ಮಂಡ್ಯ ಜಿಲ್ಲೆಯಲ್ಲಿ ಲಿಥಿಯಂ ಸಿಕ್ಕಿತೆಂದು ಸಂಭ್ರಮಪಟ್ಟಿದ್ದೇವಲ್ಲ, ಅದು ಅಂದಾಜು 1,600 ಟನ್. ಸಕ್ಕರೆಯ ವಿಷಯದಲ್ಲಿ ಮಂಡ್ಯವನ್ನು ನಂಬಿದಷ್ಟು ಈ ವಿಷಯದಲ್ಲಿ ನಂಬಿ ಕೂರುವ ಹಾಗಿಲ್ಲ.

ನನ್ನ ವಾದಕ್ಕಿರುವ ಒಂದೇ ಗಟ್ಟಿ ಅಡ್ಡಿ ವಿಮೆಯದು. ಬಿಚ್ಚಿ ಕಟ್ಟಿದ ಪ್ಯಾಕ್ ನಾಳೆ ಹೊತ್ತಿಕೊಂಡರೆ ತಯಾರಕ ಕೈಕೊಡವುತ್ತಾನೆ, ವಿಮೆಯವನೂ ಕೈಕೊಡವುತ್ತಾನೆ. ಕಟ್ಟಿಕೊಟ್ಟವನ ಅಂಗಡಿಯೇ ಅಲ್ಲಿರುವುದಿಲ್ಲ. ಇದಕ್ಕೆ ಮಾತಿನ ಉತ್ತರ ಸಾಲದು. ಐಟಿಐಗಳಲ್ಲಿ ಮೋಟರ್ ಸುತ್ತುವುದನ್ನು ಕಲಿಸುವಂತೆ ಪ್ಯಾಕ್ ಕಟ್ಟುವುದನ್ನೂ ಕಲಿಸಿ ಪರವಾನಗಿ ಕೊಡಬೇಕು. ಕಟ್ಟಿದ್ದನ್ನು ಅಳೆದು ಮೊಹರು ಹಾಕುವ ಕೇಂದ್ರ ಜಿಲ್ಲೆಗೊಂದಾದರೂ ಬೇಕು. ಬಿಎಂಎಸ್‌ನ ಬೀಗ ತೆಗೆಯುವ ಸಾಫ್ಟ್‌ವೇರನ್ನು ತಯಾರಕರು ಅಂಥ ಪರವಾನಗಿದಾರರಿಗೆ ಕೊಡಬೇಕು. ಇವಿಷ್ಟೂ ಆಗುವವರೆಗೆ ಕೊಳ್ಳುವವರ ಕೈಯಲ್ಲಿರುವುದು ಶೋರೂಮಿನಲ್ಲಿ ಕೇಳಬಹುದಾದ ಒಂದು ಪ್ರಶ್ನೆ: ಈ ಬ್ಯಾಟರಿಯ ಮುಚ್ಚಳಕ್ಕೆ ಎಷ್ಟು ಸ್ಕ್ರೂ ಇದೆ? ಸೇಲ್ಸ್‌ನ ಹುಡುಗ ಆಗ ಏಳಿಂಚಿನ ಟಚ್ ಸ್ಕ್ರೀನನ್ನೂ ಬ್ಲೂಟೂತನ್ನೂ ತೋರಿಸುತ್ತಾನೆ, ನಾಲ್ಕು ಹೊಸ ಬಣ್ಣಗಳ ಹೆಸರು ಹೇಳುತ್ತಾನೆ. ಎಲ್ಲವನ್ನೂ ತಾಳ್ಮೆಯಿಂದ ನೋಡಿ, ಪ್ರಶ್ನೆಯನ್ನು ಇನ್ನೊಮ್ಮೆ ಕೇಳಬಹುದು.