ಎರಡಡಿ ಸಮುದ್ರ ಮೀಮಾಂಸೆ: ಪ್ರಥಮಾಧ್ಯಾಯ, ಪ್ರಥಮ ಪಾದ

ಯಾವ ಶಾಸ್ತ್ರಕ್ಕೇ ಕೈಹಾಕಲಿ, ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ಅನುಬಂಧ ಚತುಷ್ಟಯವನ್ನು ಮೊದಲು ನಿರೂಪಿಸತಕ್ಕದ್ದು ಎಂಬುದು ಪೂರ್ವಿಕರ ಕಟ್ಟಳೆ. ಪ್ರಸ್ತುತ ಶಾಸ್ತ್ರಕ್ಕೆ ಅಧಿಕಾರಿ ಯಾರೆಂದರೆ, ಸಮುದ್ರಮಟ್ಟಕ್ಕಿಂತ ಮೂರು ಸಾವಿರ ಅಡಿ ಮೇಲಿರುವ ಬೆಂಗಳೂರಿನ ಫ್ಲ್ಯಾಟಿನಲ್ಲಿ ಸ್ವಂತದ್ದೊಂದು ಸಮುದ್ರ ಸ್ಥಾಪಿಸಬೇಕೆಂಬ ತೀವ್ರ ಮುಮುಕ್ಷುತ್ವ ಉಳ್ಳವನು. ಗಪ್ಪಿ, ಗೋಲ್ಡ್‌ಫಿಶ್ ಮೊದಲಾದ ಸಿಹಿನೀರಿನ ಭೋಗಗಳಲ್ಲಿ ವೈರಾಗ್ಯ ಹುಟ್ಟಿದವನು. ವಿಷಯ: 60 ಸೆಂ.ಮೀ. ಉದ್ದ, 30 ಅಗಲ, 30 ಎತ್ತರದ ಗಾಜಿನ ತೊಟ್ಟಿ. ಬರಿದಾಗಿದ್ದಾಗ 54 ಲೀಟರ್ ಹಿಡಿದು, ಮರಳು ಕಲ್ಲು ಸೇರಿದ ಮೇಲೆ ಸುಮಾರು 45ಕ್ಕೆ ಇಳಿಯುವಂಥದ್ದು. ಸಂಬಂಧವೆಂದರೆ ಅಂಗಡಿಗೂ ಅಧಿಕಾರಿಯ ಜೇಬಿಗೂ ಇರುವ, ಬಿಡಿಸಲಾಗದ ಸಮವಾಯ ಸಂಬಂಧ. ಪ್ರಯೋಜನವನ್ನು ಮುಂದೆ ಹೇಳಲಾಗುವುದು; ಹೇಳಲು ಮರೆತರೆ ಓದುಗರು ಒತ್ತಾಯಿಸಬಾರದೆಂದು ವಿನಂತಿ. ಈ ಪ್ರಬಂಧದ ಪ್ರತಿಜ್ಞೆ ಇಷ್ಟೆ: ಉಪ್ಪುನೀರಿನ ತೊಟ್ಟಿಯ ಸುತ್ತ ಬೆಳೆದಿರುವ ಸಮಸ್ತ ಪಾರಿಭಾಷಿಕ ವಾಙ್ಮಯವೂ ‘ಇನ್ನೊಂದು ತಿಂಗಳು ತಡಿ’ ಎಂಬ ಒಂದೇ ಒಂದು ಮಾತನ್ನು ಆಡದೆ ತಪ್ಪಿಸಿಕೊಳ್ಳಲು ರಚಿತವಾದದ್ದು.

ಲವಣಾಂಬು ಸಾಧಕರು ಐದು ವಿಧ: ಯಂತ್ರವಾದಿ, ಸಂಖ್ಯಾವಾದಿ, ಜೀವಾಣುವಾದಿ, ಪ್ರಕೃತಿವಾದಿ, ಅನುಭಾವಿ. ಯಂತ್ರವಾದಿಯ ನೆಲೆಯಲ್ಲಿ ಸಮುದ್ರವೆಂಬುದು ಪ್ರೋಟೀನ್ ಸ್ಕಿಮ್ಮರ್, ವೇವ್‌ಮೇಕರ್, ರಿಯಾಕ್ಟರ್, ಡೋಸಿಂಗ್ ಪಂಪು, ಮೊಬೈಲಿನಿಂದ ಸೂರ್ಯೋದಯ ಮಾಡಿಸುವ ಎಲ್‌ಇಡಿ ದೀಪ, ಇಷ್ಟರ ಸಂಘಾತ. ನೀರು ಕೇವಲ ಉಪಾಧಿ. ಸಂಖ್ಯಾವಾದಿಗೆ ಯಂತ್ರವೂ ಗೌಣ. ಕ್ಯಾಲ್ಸಿಯಂ 420, ಮೆಗ್ನೀಷಿಯಂ 1350, ಆಲ್ಕಲಿನಿಟಿ 8.5 ಎಂಬ ಮಹಾವಾಕ್ಯಗಳನ್ನು ಅವನು ಬೆಳಗ್ಗೆ ಸಂಜೆ ಪಾರಾಯಣ ಮಾಡುತ್ತಾನೆ. ನೀರಿನಿಂದ ಕ್ಯಾಲ್ಸಿಯಂ ಹೀರಿ ಎಲುಬು ಕಟ್ಟುವುದು ಹವಳ; ಅವನ ತೊಟ್ಟಿಯಲ್ಲಿ ಸದ್ಯಕ್ಕಿರುವುದು ಒದ್ದೆ ಮರಳು. ಹೀಗಾಗಿ ಇದು ಗ್ರಾಹಕನಿಲ್ಲದ ಪೇಟೆಯಲ್ಲಿ ದಾಸ್ತಾನು ಎಣಿಸುವ ನಿಷ್ಕಾಮ ಕರ್ಮ. ಜೀವಾಣುವಾದಿಯಾದರೋ ತೊಟ್ಟಿಗೆ ದಿನವೂ ಹನಿಹನಿ ವೋಡ್ಕಾ ಎರೆಯುತ್ತಾನೆ. ಇದು ಅಣಕವಲ್ಲ. ಆಲ್ಕೋಹಾಲಿನ ಇಂಗಾಲ ಉಂಡು ಕೊಬ್ಬಿದ ಬ್ಯಾಕ್ಟೀರಿಯಾ ನೀರಿನ ನೈಟ್ರೇಟನ್ನೂ ಫಾಸ್ಫೇಟನ್ನೂ ಮುಕ್ಕುತ್ತದೆ, ಸ್ಕಿಮ್ಮರು ಆ ಬ್ಯಾಕ್ಟೀರಿಯಾವನ್ನು ನೊರೆಯ ಜೊತೆ ಎತ್ತಿ ಹಾಕುತ್ತದೆ. ಹಳೆಯ, ಮಾಗಿದ ತೊಟ್ಟಿಗಳಲ್ಲಿ ನಿಜಕ್ಕೂ ನಡೆಯುವ ವಿಧಾನವೇ. ಮೊನ್ನೆ ನೀರು ತುಂಬಿದ ತೊಟ್ಟಿಗೆ ಅದನ್ನು ಸುರಿಯುವುದು ಮಾತ್ರ ಪಾನಗೋಷ್ಠಿ. ಉಳಿದ ಇಬ್ಬರ ಲಕ್ಷಣ ಬರೆಯುವುದರಿಂದ ಯಾರಿಗೂ ಉಪಯೋಗವಿಲ್ಲ. ಐವರೂ ಹೋಗುವುದು ಒಂದೇ ಅಂಗಡಿಗೆ.

ಇನ್ನು ಹೇತು. ಮೀನಿನ ಕಿವಿರಿನಿಂದ ಅಮೋನಿಯ ಹೊರಬೀಳುತ್ತಲೇ ಇರುತ್ತದೆ. ತಿನ್ನದೆ ಉಳಿದ ತಿನಿಸು ಕೊಳೆತರೂ ಅಮೋನಿಯವೇ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆ ಆ ನೈಟ್ರೈಟನ್ನು ಅಷ್ಟೇನೂ ಕೇಡಿಲ್ಲದ ನೈಟ್ರೇಟ್ ಮಾಡುತ್ತದೆ, ವಾರವಾರ ಒಂದಿಷ್ಟು ನೀರು ಬದಲಿಸಿದರೆ ಅದೂ ತಗ್ಗುತ್ತದೆ. ಕಲ್ಲಿನ ಸಂದಿನಲ್ಲಿ, ಮರಳಿನ ಕಣಕಣದ ಮೇಲೆ ಈ ಎರಡು ಕುಲಗಳು ಒಕ್ಕಲಾಗುವುದಕ್ಕೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಅಲ್ಲಿಯವರೆಗೆ ತೊಟ್ಟಿಯಲ್ಲಿ ಮೀನು ಬೇಡ. ಬ್ಯಾಕ್ಟೀರಿಯಾಕ್ಕೆ ಬೇಕಾದ ಅಮೋನಿಯ ಒದಗಿಸಲು ಚಿಟಿಕೆ ಶುದ್ಧ ನವಸಾಗರ ಸಾಕು. ಪರೀಕ್ಷೆಯ ಬಗೆ ಹೀಗೆ: ಬೆರಳುದ್ದದ ಗಾಜಿನ ಕೊಳವೆಗೆ ಐದು ಮಿಲಿಲೀಟರ್ ತೊಟ್ಟಿ ನೀರು, ಒಂದು ಬಾಟಲಿಯಿಂದ ಎಂಟು ಹನಿ, ಇನ್ನೊಂದರಿಂದ ಎಂಟು, ಮುಚ್ಚಳ ಹಾಕಿ ಕುಲುಕಿ ಐದು ನಿಮಿಷ ಗೋಡೆಗೆ ಒರಗಿಸಿಡುವುದು. ತಿಳಿಹಳದಿಯಾಗಿಯೇ ಉಳಿದರೆ ಅಮೋನಿಯ ಇಲ್ಲ. ಹಸಿರು ಏರಿದಷ್ಟೂ ವಿಷ ಏರಿದೆ. ಎರಡು ಪಿಪಿಎಂ ಅಮೋನಿಯ ಹಾಕಿ, ಮಾರನೆಯ ದಿನ ಅದೇ ಹೊತ್ತಿಗೆ ಅಮೋನಿಯವೂ ನೈಟ್ರೈಟೂ ಸೊನ್ನೆಗಿಳಿದಿದ್ದರೆ ತೊಟ್ಟಿ ಸಿದ್ಧ. ಇಡೀ ಶಾಸ್ತ್ರ ಇಷ್ಟೆ. ಆದರೆ ಇಷ್ಟೆ ಎಂದುಬಿಟ್ಟರೆ ಆಚಾರ್ಯಪೀಠಗಳು ಉಳಿಯುವುದು ಹೇಗೆ? ಆದ್ದರಿಂದ ಇದನ್ನು ‘ಪೂರ್ವಜಲಚರ ಘಟ್ಟದ ಸೂಕ್ಷ್ಮಜೈವಿಕ ಯಜಮಾನಿಕೆಯ ಪಲ್ಲಟ’ ಎಂದು ಕರೆದು ಮೂರು ದಿನದ ವಿಚಾರ ಸಂಕಿರಣ ಏರ್ಪಡಿಸಬಹುದು. ನಾಲ್ಕನೆಯ ದಿನ ಅಧ್ಯಕ್ಷರು ಮೀನು ತರುತ್ತಾರೆ.

ಇಲ್ಲಿ ಪೂರ್ವಪಕ್ಷ ಏಳುತ್ತದೆ: ಬಾಟಲಿಯಲ್ಲಿ ಜೀವಂತ ಬ್ಯಾಕ್ಟೀರಿಯಾ ಸಿಗುವಾಗ ಕಾಯುವುದೇಕೆ? ಸಮಾಧಾನ: ಒಳ್ಳೆಯ ಬಾಟಲಿ ವಾರಗಳನ್ನು ಕಡಿಮೆ ಮಾಡುತ್ತದೆ, ಸುಳ್ಳಲ್ಲ. ಆದರೆ ಅದು ಹೆಪ್ಪು, ಮೊಸರಲ್ಲ. ಹೆಪ್ಪು ಹಾಕಿದ ಕೂಡಲೇ ಬಡಿಸಲು ಸೌಟು ಹಿಡಿಯುವವರಿಗೆ ಮೇಲೆ ಹೇಳಿದ ಗಾಜಿನ ಕೊಳವೆಯೇ ಉತ್ತರ ಕೊಡಬೇಕು. ಎರಡನೆಯ ಪೂರ್ವಪಕ್ಷ ಇನ್ನೂ ಜನಪ್ರಿಯ: ಹೊಸಬರಿಗೆ ಸಣ್ಣ ತೊಟ್ಟಿಯೇ ಸುಲಭ. ಲೆಕ್ಕ ಬೇರೆಯದನ್ನೇ ಹೇಳುತ್ತದೆ. ಲೀಟರಿಗೆ 35 ಗ್ರಾಂ ಉಪ್ಪಿರುವ 45 ಲೀಟರಿನಲ್ಲಿ ಎರಡು ಲೀಟರ್ ಆವಿಯಾದರೆ ಉಪ್ಪು ಅಲ್ಲೇ ಉಳಿದು 36.6ಕ್ಕೆ ಏರುತ್ತದೆ, 500 ಲೀಟರಿನ ತೊಟ್ಟಿಯಲ್ಲಿ ಅಷ್ಟೇ ನೀರು ಆರಿದರೆ 35.14. ಮಾರ್ಚಿನ ಬಿಸಿಲಿನಲ್ಲಿ ಫ್ಯಾನು ಹಾಕಿ ಎರಡು ದಿನ ಊರಿಗೆ ಹೋದವನ ಮೀನಿಗೆ ಇದು ಅಂಕಿಯ ಮಾತಲ್ಲ. ಆರಿದ ಜಾಗಕ್ಕೆ ತುಂಬಬೇಕಾದದ್ದು ಆರ್‌ಓ ಸಿಹಿನೀರು. ಮತ್ತೆ ಉಪ್ಪುನೀರನ್ನೇ ತುಂಬುತ್ತ ಹೋಗಿ ಸಾಣಿಕಟ್ಟೆಯ ಉಪ್ಪಿನ ಆಗರ ನಿರ್ಮಿಸುವ ಸಂಪ್ರದಾಯವೂ ಒಂದುಂಟು. ಸಣ್ಣದರಲ್ಲಿ ತಪ್ಪಿಗೆ ಜಾಗವಿಲ್ಲ, ಮತ್ತು ಹೊಸಬ ಎಂದರೆ ತಪ್ಪು ಮಾಡುವವನು ಎಂದೇ ಅರ್ಥ. ಇವೆರಡೂ ಗೊತ್ತಿದ್ದೇ ‘ಬಿಗಿನರ್ ನ್ಯಾನೋ ಕಿಟ್’ ಎಂಬ ಪೆಟ್ಟಿಗೆ ಮಾರುತ್ತಾರೆ.

ಮಾರಿದ ದಿನವೇ ಜೊತೆಗೊಂದು ಡ್ಯಾಮ್ಸೆಲ್ ಮೀನು. ಗಟ್ಟಿಜೀವ, ಅಗ್ಗ, ನೀಲಿ. ಅಮೋನಿಯ ಹುಟ್ಟಿಸಲೆಂದೇ ಅದನ್ನು ಬಿಡುವುದು. ಸತ್ತರೆ ನಷ್ಟವಿಲ್ಲ, ಬದುಕಿದರೆ ಮುಂದೆ ಬರುವವರನ್ನೆಲ್ಲ ಕಚ್ಚಿ ಓಡಿಸುತ್ತದೆ. ಸಮುದ್ರದ ನೀರಿನ ಪಿಎಚ್ 8.2ರ ಆಸುಪಾಸು, ನೀರು ಕ್ಷಾರವಾದಷ್ಟೂ ಅಮೋನಿಯದಲ್ಲಿ ವಿಷದ ಪಾಲು ಹೆಚ್ಚು. ಅಂದರೆ ಕಿವಿರು ಸುಡುತ್ತದೆ. ಚಿಟಿಕೆ ನವಸಾಗರ ಮಾಡುವ ಕೆಲಸಕ್ಕೆ ಉಸಿರಾಡುವ ಪ್ರಾಣಿಯೊಂದನ್ನು ಬಳಸಿ, ಅದಕ್ಕೆ ‘ಸೈಕ್ಲಿಂಗ್ ಫಿಶ್’ ಎಂಬ ಪಾರಿಭಾಷಿಕ ಪದವಿ ದಯಪಾಲಿಸಿದರೆ ಮುಗಿಯಿತು, ಕ್ರೌರ್ಯ ವಿಧಾನವಾಯಿತು. ಮ್ಯಾಂಡರಿನ್ ಮೀನಿನ ಪಾಡು ಇನ್ನೂ ಕೆಟ್ಟದ್ದು. ನೀಲಿಯ ಮೇಲೆ ಕಿತ್ತಳೆಯ ಸುರುಳಿ, ಯಾವ ರೇಷ್ಮೆ ಸೀರೆಗೂ ಬಾರದ ಬಣ್ಣ. ಅಂಗಡಿಗೆ ಬಂದವರು ಮೊದಲು ಬೆರಳು ತೋರುವುದು ಅದಕ್ಕೇ. ಅದು ಕಲ್ಲಿನ ಮೇಲೆ ಹರಿದಾಡುವ, ಕಣ್ಣಿಗೆ ಕಂಡೂ ಕಾಣದ ಕೋಪೆಪಾಡ್‌ಗಳನ್ನು ಹಗಲಿಡೀ ಒಂದೊಂದಾಗಿ ಹೆಕ್ಕಿ ತಿನ್ನುವ ಪ್ರಾಣಿ. ಒಣ ತಿನಿಸು ಮೂಸುವುದೂ ಅಪರೂಪ. ಹೊಸ ತೊಟ್ಟಿಯಲ್ಲಿ ಕೋಪೆಪಾಡ್ ಇರುವುದಿಲ್ಲ, ಇದ್ದರೂ ಬೇಗನೆ ಮುಗಿಯುತ್ತದೆ. ಆಮೇಲೆ ಅದು ಬರಿಗಲ್ಲನ್ನೇ ಕುಕ್ಕುತ್ತಿರುತ್ತದೆ. ಕುಕ್ಕುತ್ತದೆ, ಸರಿಯುತ್ತದೆ, ಮತ್ತೆ ಕುಕ್ಕುತ್ತದೆ. ನೋಡುವವರು ‘ಎಷ್ಟು ಚುರುಕು’ ಎನ್ನುತ್ತಾರೆ. ಹೊಟ್ಟೆ ಒಳಸೇರಿ, ತಲೆಯ ಹಿಂದೆ ಬೆನ್ನು ಬತ್ತಿ, ಬಣ್ಣ ಮಾತ್ರ ಕೊನೆಯವರೆಗೂ ಹಾಗೇ ಇರುತ್ತದೆ. ಇದನ್ನು ಮಾರುವವನಿಗೆ ಇದು ಗೊತ್ತು. ಗೊತ್ತಿದ್ದೂ ಮಾರುತ್ತಾನೆ. ಈ ವಾಕ್ಯವನ್ನು ಮೀಮಾಂಸೆಯ ಪರಿಭಾಷೆಗೆ ಒಗ್ಗಿಸುವ ದಾರಿ ತೋಚದೆ ಹಾಗೆಯೇ ಬಿಟ್ಟಿದೆ.

ಮೂರನೆಯ ಪೂರ್ವಪಕ್ಷ: ಮಲ್ಪೆ ಬಂದರಿಗೆ ಬಂದು ಬೀಳುವ ರಾಶಿ ಮೀನಿನ ಮುಂದೆ ಒಂದು ಮ್ಯಾಂಡರಿನ್ ಯಾವ ಲೆಕ್ಕ? ಊಟಕ್ಕೆ ಹಿಡಿದ ಬಂಗುಡೆಯನ್ನು ಯಾರೂ ‘ಸಾಕುತ್ತಿದ್ದೇವೆ’ ಎನ್ನುವುದಿಲ್ಲ ಎಂಬುದು ಮೊದಲ ಸಮಾಧಾನ. ಎರಡನೆಯದು ಹಿಡಿಯುವ ಬಗೆಗೆ ಸೇರಿದ್ದು. ಫಿಲಿಪೀನ್ಸಿನಲ್ಲಿ 1960ರ ದಶಕದಿಂದ ಹವಳದ ಸಂದುಗಳಿಗೆ ಸೋಡಿಯಂ ಸಯನೈಡ್ ದ್ರಾವಣ ಚಿಮ್ಮಿಸಿ, ಮತ್ತೇರಿ ತೇಲಿ ಬಂದ ಮೀನುಗಳನ್ನು ಅಕ್ವೇರಿಯಂ ಪೇಟೆಗೆ ಹಿಡಿಯುತ್ತ ಬಂದಿದ್ದಾರೆ. ಹಿಡಿದವುಗಳಲ್ಲಿ ಎಷ್ಟೋ ದಾರಿಯಲ್ಲೇ ಸಾಯುತ್ತವೆ. ವಿಷ ತಾಗಿದ ಹವಳ ಅಲ್ಲೇ ಸಾಯುತ್ತದೆ. ನಮ್ಮಲ್ಲಾದರೋ ಕಾನೂನು ಸ್ಪಷ್ಟ. 2001ರಿಂದ ಸಮುದ್ರಕುದುರೆ, ದಿಬ್ಬ ಕಟ್ಟುವ ಗಟ್ಟಿ ಹವಳಗಳೆಲ್ಲ, ಕರಿಹವಳ, ಸಮುದ್ರ ಬೀಸಣಿಗೆ, ಇವು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿ, ಹುಲಿಯ ಪಕ್ಕದಲ್ಲಿವೆ. ‘ಲೈವ್ ರಾಕ್’ ಎಂದು ಕಿಲೋ ಲೆಕ್ಕದಲ್ಲಿ ತೂಗುವ ಕಲ್ಲು ಬಹುಪಾಲು ಇದೇ ಹವಳದ ಹಳೆಯ ಅಸ್ಥಿ. ಹುಲಿಯ ಉಗುರು ಕೊಳ್ಳಲು ಹೆದರುವವರು ಇದನ್ನು ಚೌಕಾಶಿ ಮಾಡಿ ಕೊಳ್ಳುತ್ತಾರೆ. ಸುಟ್ಟ ಮಣ್ಣಿನ ಕಲ್ಲು ಸಿಗುತ್ತದೆ, ಬ್ಯಾಕ್ಟೀರಿಯಾಕ್ಕೆ ಅದೂ ಆಗುತ್ತದೆ; ಚಂದ ಸ್ವಲ್ಪ ಕಡಿಮೆ.

ಕಡೆಯ ಪೂರ್ವಪಕ್ಷವೇ ಎಲ್ಲಕ್ಕಿಂತ ಗೌರವಾನ್ವಿತವಾದದ್ದು: ಮನೆಯಲ್ಲಿ ಸಮುದ್ರ ಕಂಡ ಮಗು ಸಮುದ್ರವನ್ನು ಪ್ರೀತಿಸಲು ಕಲಿಯುತ್ತದೆ. ಇದಕ್ಕೆ ದೃಷ್ಟಾಂತ ಇಂಗ್ಲೆಂಡಿನಲ್ಲಿದೆ. 1853ರಲ್ಲಿ ಲಂಡನ್ನಿನ ರೀಜೆಂಟ್ಸ್ ಪಾರ್ಕ್ ಮೃಗಾಲಯದಲ್ಲಿ ಮೀನುಮನೆ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಎಂಬ ನಿಸರ್ಗತಜ್ಞ ‘ದಿ ಅಕ್ವೇರಿಯಂ’ ಎಂಬ ಪುಸ್ತಕವನ್ನು ಬಣ್ಣದ ಚಿತ್ರಗಳೊಂದಿಗೆ ತಂದ. ಅಡುಗೆ ಉಪ್ಪು, ಎಪ್ಸಮ್ ಉಪ್ಪು, ಮೆಗ್ನೀಷಿಯಂ ಕ್ಲೋರೈಡ್, ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿ ಸಮುದ್ರದ ನೀರನ್ನು ಮನೆಯಲ್ಲೇ ಮಾಡಿಕೊಳ್ಳುವ ದಾರಿಯನ್ನೂ ಪ್ರಕಟಿಸಿದ. ಭಕ್ತ, ಸಜ್ಜನ, ನಿಜವಾದ ಪಂಡಿತ. ಅವನನ್ನು ಓದಿದವರು ಸಮುದ್ರವನ್ನು ಪ್ರೀತಿಸಿದರು. ಪ್ರೀತಿಸಿ, ಜಾಡಿ ಹಿಡಿದು ದಡಕ್ಕೆ ಧಾವಿಸಿದರು. ಇಳಿತದಲ್ಲಿ ಬಂಡೆಗಳ ನಡುವೆ ನಿಲ್ಲುವ ನೀರಗುಂಡಿಗಳಲ್ಲಿ ಅನಿಮೋನಿ ಎಂಬ ಕಡಲಜೀವಿಗಳು ದಟ್ಟವಾಗಿದ್ದ ತೀರ ಬರಿದಾಯಿತು. ಅವನ ಮಗ ಎಡ್ಮಂಡ್ ಗಾಸ್ 1907ರ ‘ಫಾದರ್ ಅಂಡ್ ಸನ್’ ಪುಸ್ತಕದಲ್ಲಿ ಈ ಲೂಟಿಯನ್ನು ಬರೆದಿದ್ದಾನೆ; ಅದಕ್ಕೆ ತನ್ನ ಪುಸ್ತಕಗಳೇ ದಾರಿಯಾದವೆಂದು ತಂದೆಗೂ ತಿಳಿಯಿತು, ತಿಳಿದು ಬಹಳ ನೊಂದ ಎನ್ನುತ್ತಾನೆ. ನಮ್ಮ ಕಾಲದ ಪ್ರೀತಿಯ ವಿಧಾನ ಇದಕ್ಕಿಂತ ದುಬಾರಿ. ಲಕ್ಷದ್ವೀಪದಲ್ಲಿ 1998ರಲ್ಲಿ, 2010ರಲ್ಲಿ, ಮತ್ತೆ 2016ರಲ್ಲಿ ಕಡಲು ಕಾದು ಹವಳ ಬಿಳುಚಿಹೋಯಿತು. ಅದೇ ಕಾಯುತ್ತಿರುವ ಭೂಮಿಯ ಮೇಲೆ 45 ಲೀಟರನ್ನು 26 ಡಿಗ್ರಿಯಲ್ಲಿಡಲು ಚಿಲ್ಲರ್ ಹಚ್ಚುತ್ತೇವೆ, ಅದರ ಬಿಸಿಯನ್ನು ಕಿಟಕಿಯಾಚೆ ಬಿಡುತ್ತೇವೆ. ಮಗು ಏನನ್ನು ಕಲಿಯುತ್ತದೆ ಎಂದು ಪೂರ್ವಪಕ್ಷದವರೇ ಹೇಳಬೇಕು. ಪ್ರೀತಿ ಹುಟ್ಟಿಸುವುದೇ ಉದ್ದೇಶವಾದರೆ ಅದೇ ಮಗುವನ್ನು ಮುರುಡೇಶ್ವರಕ್ಕೆ ಕರೆದೊಯ್ದು, ಇಳಿತದ ಹೊತ್ತಿಗೆ ಬಂಡೆಗಳ ನಡುವೆ ಕೂರಿಸಬಹುದು. ನೇತ್ರಾಣಿಯ ಹವಳ ನೋಡಲು ದೊಡ್ಡದಾದ ಮೇಲೆ ಅದೇ ಹೋಗುತ್ತದೆ.

ಇಷ್ಟಾಗಿಯೂ ತೊಟ್ಟಿ ಬೇಕೇ ಬೇಕು ಎನ್ನುವವನಿಗೆ ಜಲಚರ ಪ್ರವೇಶ ವಿಧಿ ಹೇಳಿ ಈ ಪಾದ ಮುಗಿಸುವುದು. ಆರು ವಾರ ಕಳೆದು, ಕೊಳವೆ ಹಳದಿಯಾಗಿಯೇ ಉಳಿದ ಮೇಲೆ, ಮೊದಲು ಎರಡು ಮೂರು ಶಂಖದ ಹುಳ. ಕಂದು ಪಾಚಿ ಹಬ್ಬಿ ತೊಟ್ಟಿ ವಿಕಾರವಾಗುವ ಹಂತವೊಂದಿದೆ, ಅದಕ್ಕೆ ಔಷಧಿ ಕೊಳ್ಳದೆ ಸುಮ್ಮನಿರುವುದು. ಆಮೇಲೆ ಕ್ಲೌನ್ ಮೀನಿನ ಒಂದು ಜೋಡಿ. ಅನಿಮೋನಿ ಬೇಡ, ಅದಿಲ್ಲದೆಯೂ ಇವು ಚೆನ್ನಾಗಿಯೇ ಬದುಕುತ್ತವೆ. ಇನ್ನೊಂದು ತಿಂಗಳು ಬಿಟ್ಟು ಒಂದು ಸಣ್ಣ ಗೋಬಿ. ಅಲ್ಲಿಗೆ ತೊಟ್ಟಿ ತುಂಬಿತು. 2003ರ ಸಿನಿಮಾ ನೋಡಿದವರು ಕೇಳುವ ನೀಲಿ ಟ್ಯಾಂಗ್ ಒಂದಡಿ ಬೆಳೆಯುವ ಮೀನು, ತೊಟ್ಟಿಯ ಅಗಲವೇ ಒಂದಡಿ. ಕ್ಲೌನ್ ಮೀನಿನ ಮರಿ ಮಾಡಿಸುವ ತಂತ್ರವನ್ನು ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಮಂಡಪಂ, ವಿಳಿಂಜಂ ಕೇಂದ್ರಗಳಲ್ಲಿ ರೂಪಿಸಿಯಾಗಿದೆ. ಹವಳದ ದಿಬ್ಬದಿಂದ ಹಿಡಿದದ್ದನ್ನು ಕೊಳ್ಳುವ ಅಗತ್ಯವೇ ಇಲ್ಲ. ಆದ್ದರಿಂದ ಅಂಗಡಿಯಲ್ಲಿ ಕೇಳಬೇಕಾದದ್ದು ಒಂದೇ: ಇದು ಹ್ಯಾಚರಿ ಮರಿಯೋ, ಹಿಡಿದದ್ದೋ? ಹ್ಯಾಚರಿಯದೇ ಎಂದರೆ ಬಿಲ್ಲಿನ ಮೇಲೆ ಹಾಗೆಂದು ಬರೆಸಿಕೊಳ್ಳುವುದು. ಬರೆದುಕೊಡಲು ಹಿಂಜರಿದು, ಅದರ ಬದಲು ಆಲ್ಕಲಿನಿಟಿಯ ಬಗ್ಗೆ ಉಪನ್ಯಾಸ ಶುರುವಾದರೆ, ಬರಿಗೈಲಿ ಬಸ್ಸು ಹತ್ತುವುದು.