ತಾಜ್ ತೋರಿಸುವ ರಾಯರು

ಮುಂಬಯಿಯ ಮಾಟುಂಗದಲ್ಲಿ ಎರಡು ಕೋಣೆಯ ಬಿಡಾರ, ಫೋರ್ಟಿನ ಯಾವುದೋ ಕಚೇರಿಯಲ್ಲಿ ಗುಮಾಸ್ತಗಿರಿ, ವರ್ಷವಿಡೀ ಊರಿನಿಂದ ಬಂದಿಳಿಯುವ ನಂಟರಿಷ್ಟರು, ಈ ಮೂರೂ ಒಬ್ಬರಲ್ಲಿ ಕೂಡಿದವೆಂದರೆ ಅವರು ಕಾಲಕ್ರಮದಲ್ಲಿ ತಾಜ್ ತೋರಿಸುವ ರಾಯರಾಗಿ ಪರಿಣಮಿಸದೆ ಇರಲಾರರು. ಬಂದವರು ಕೈಕಾಲು ತೊಳೆದು ಕಾಫಿಯ ಲೋಟವನ್ನು ಕೆಳಗಿಡುವ ಮುನ್ನವೇ, "ನಾಳೆ ಸಾಯಂಕಾಲ ತಾಜಿಗೆ ಹೋಗಿಬರೋಣ" ಎಂದು ಅವರು ಅಪ್ಪಣೆ ಕೊಡಿಸುವ ಗಾಂಭೀರ್ಯವನ್ನು ಕಂಡವರು, ಜಮಷೇಟ್‌ಜಿ ಟಾಟಾ ಅವರು ಕಟ್ಟಿಸಿದ ಆ ಹೋಟೆಲಿನ ಪಾಲುದಾರಿಕೆಯಲ್ಲಿ ರಾಯರದೂ ಕಿಂಚಿತ್ ಅಂಶವುಂಟೆಂದು ಭ್ರಮಿಸಿದರೆ ಅದು ಅವರ ತಪ್ಪಲ್ಲ.

ಅಪೋಲೋ ಬಂದರಿನಲ್ಲಿ ಸಮುದ್ರಕ್ಕೆ ಬೆನ್ನು ಮಾಡಿ, ಕೊಡೆಯ ತುದಿಯಿಂದ ಗೋಪುರವನ್ನು ನಿರ್ದೇಶಿಸುತ್ತ ನಿಂತರೆಂದರೆ ಅವರ ಪುರಾಣ ಪ್ರಾರಂಭವಾಗುವುದು. ನಕ್ಷೆಯನ್ನು ತಿರುವುಮುರುವಾಗಿ ಹಿಡಿದ ಕೆಲಸಗಾರರು ಮುಂಭಾಗವನ್ನೇ ಹಿಂದಕ್ಕೆ ಕಟ್ಟಿಬಿಟ್ಟರೆಂದೂ, ವಿಲಾಯತಿಯಿಂದ ಮರಳಿದ ಶಿಲ್ಪಿಯು ಅದನ್ನು ಕಂಡು ಪ್ರಾಣತ್ಯಾಗ ಮಾಡಿದನೆಂದೂ ಅವರು ಗದ್ಗದ ಕಂಠದಿಂದ ಹೇಳುವರು. ನಕ್ಷೆ ತೆಗೆದ ಸೀತಾರಾಮ ಖಂಡೇರಾವ್ ವೈದ್ಯ ಮತ್ತು ಮಿರ್ಜಾ ಅವರಾಗಲಿ, ಕೆಲಸವನ್ನು ಪೂರೈಸಿದ ಛೇಂಬರ್ಸ್ ಅವರಾಗಲಿ ಅಂತಹ ಸಾಹಸಕ್ಕೆ ಕೈಯಿಕ್ಕಿದವರಲ್ಲ. ಸಾರೋಟುಗಳು ಊರಿನ ಕಡೆಯಿಂದ ಬರುತ್ತಿದ್ದ ಕಾಲದಲ್ಲಿ ಹೆಬ್ಬಾಗಿಲನ್ನು ಬೇಕೆಂದೇ ಆ ಕಡೆಗೆ ಇರಿಸಿದ್ದರು. ಆದರೆ ಒಂದು ಸಾವಾದರೂ ಇಲ್ಲದ ಕಥೆಯನ್ನು ಕೇಳಲು ನೆಂಟರು ಅಷ್ಟು ದೂರದಿಂದ ಬರುವರೆ?

ಎದುರಿನ ಗೇಟ್‌ವೇ ಆಫ್ ಇಂಡಿಯಾದ ಸೊಬಗನ್ನು ಕಿಟಕಿಯಿಂದ ನೋಡಲೆಂದೇ ಟಾಟಾ ಅವರು ಈ ಜಾಗವನ್ನು ಆರಿಸಿದರೆಂದು ರಾಯರು ಸಾರಿದಾಗ, ಹೈಸ್ಕೂಲಿನಲ್ಲಿ ಓದುತ್ತಿದ್ದ ಸೋದರಳಿಯನೊಬ್ಬನು, "ಮಾವ, ಹೋಟೆಲು ತೆರೆದದ್ದು 1903ರಲ್ಲಿ, ಗೇಟ್‌ವೇ ಮುಗಿದದ್ದು 1924ರಲ್ಲಿ ಅಲ್ಲವೆ?" ಎಂದುಬಿಟ್ಟನು. ರಾಯರು ಲವಲೇಶವೂ ವಿಚಲಿತರಾಗದೆ, "ದೊಡ್ಡವರಿಗೆ ಮುಂದಿನದು ಕಾಣುತ್ತದಯ್ಯಾ, ಅದಕ್ಕೇ ಅವರು ದೊಡ್ಡವರು" ಎಂದರು.

ಇಷ್ಟೆಲ್ಲ ವಾಗ್ವೈಖರಿಯೂ ರುಮಾಲಿನ ದ್ವಾರಪಾಲಕನ ಸಮ್ಮುಖದಲ್ಲಿ ಅಂತರ್ಧಾನವಾಗುವುದು. ಅವನು ಮಾಡಿದ ಸಲಾಮಿಗಿಂತ ಒಂದು ಗೇಣು ಹೆಚ್ಚಾಗಿ ಬಾಗಿ ಒಳಹೊಕ್ಕ ರಾಯರು, ಗುಮ್ಮಟದ ಕೆಳಗಿನ ಮಹಾಸೋಪಾನವನ್ನು ಗರ್ಭಗುಡಿಯ ಮೆಟ್ಟಿಲಿನಂತೆ ಮೆಲ್ಲನೆ ಹತ್ತಿ, ಕಡಲಿಗೆದುರಾದ ಚಹದ ಮೊಗಸಾಲೆಯಲ್ಲಿ ಕುರ್ಚಿಯ ಅಂಚಿನಲ್ಲಿ ಮಾತ್ರವೇ ಕುಳಿತುಕೊಳ್ಳುವರು. ತಿಂಡಿಗಳ ಪಟ್ಟಿಯನ್ನು ಅವರು ಓದುವುದು ಬಲಗಡೆಯಿಂದ. ಬೆಲೆಯ ಅಂಕಿಗಳನ್ನೆಲ್ಲ ಮುಗಿಸಿದ ಮೇಲೆ ತಿಂಡಿಯ ಹೆಸರಿಗೆ ಹೋಗಬೇಕಾದ ಪ್ರಮೇಯವೇ ಬರುವುದಿಲ್ಲ. "ಹೊಟ್ಟೆ ಯಾಕೋ ಭಾರ, ಬರೀ ಚಹ ಸಾಕು" ಎಂದು ಎಲ್ಲರ ಹೊಟ್ಟೆಯ ಪರವಾಗಿಯೂ ತಾವೇ ನಿರ್ಣಯಿಸಿ, ನಾಲ್ವರಿಗೆ ಒಂದು ಕೆಟಲಿಯನ್ನು ತರಿಸಿ, ಬಿಸಿನೀರನ್ನು ಮತ್ತೆ ಮತ್ತೆ ಬೇಡಿ, ಕಡೆಯ ಬಟ್ಟಲಿಗೆ ಬರುವ ಹೊತ್ತಿಗೆ ಚಹವು ತನ್ನ ಬಣ್ಣವನ್ನೂ ಮರೆತಿರುವಂತೆ ಮಾಡುವರು. ಅತ್ತಿಗೆಯವರು ಸಕ್ಕರೆಯ ಚೌಕಗಳೆರಡನ್ನು ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುವಾಗ ರಾಯರ ದೃಷ್ಟಿ ಸಮುದ್ರದ ಹಡಗುಗಳಲ್ಲಿ ನೆಟ್ಟಿರುವುದು. ಬಿಲ್ಲು ಬಂದಾಗ ಮಾತ್ರ, "ಮೊದಲನೆಯ ಮಹಾಯುದ್ಧದಲ್ಲಿ ಇದು 600 ಹಾಸಿಗೆಗಳ ಆಸ್ಪತ್ರೆಯಾಗಿತ್ತು, ಆಗ ಇಲ್ಲಿ ಬಿಟ್ಟಿಯಾಗಿ ಮಲಗಬಹುದಾಗಿತ್ತು" ಎಂದು ನಿಟ್ಟುಸಿರಿಡುವರು.

ಹಣವಂತರು ಅಲ್ಲಿ ಒಂದು ರಾತ್ರಿ ಮಲಗಿ, ಬೆಳಗಾದೊಡನೆ ಕೋಣೆಯ ಸಂಖ್ಯೆಯನ್ನೂ ಮರೆತು ಹೊರಟುಹೋಗುವರು. ಒಂದು ರಾತ್ರಿಯೂ ಮಲಗದ ರಾಯರು ಆ ಹೋಟೆಲಿನ ಕೀರ್ತಿಯನ್ನು ಧಾರವಾಡದ ಜಗಲಿಗಳವರೆಗೂ ಮುಟ್ಟಿಸಿರುವರು. ಆದುದರಿಂದ ಮುಂಬಯಿಗೆ ಹೋದ ವಾಚಕರು ಇಂತಹ ರಾಯರು ಕರೆದಾಗ ಒಲ್ಲೆನೆನ್ನದೆ ಹೋಗಬೇಕು, ಅವರು ಹೇಳುವ ಇಸವಿಗಳನ್ನು ನಂಬದಿರಬೇಕು, ಚಹದ ಬಿಲ್ಲನ್ನು ಅವರ ಕೈಗೆ ಸಿಗಗೊಡದೆ ತಾವೇ ಕೊಡಬೇಕು.